ಕೇಶಸುಗಂಧವೂ ಹರಿನಿರ್ಮಾಲ್ಯವೂ



ವೈಶಾಖಮಾಸವು ಸಮೀಪಿಸಿದೆ. ಅಕ್ಷಯತೃತೀಯೆಯಂದು ಮಂತ್ರಾಲಯದಲ್ಲಿ ಶ್ರೀರಾಯರ ಮೂಲಬೃಂದಾವನಕ್ಕೆ ಗಂಧಲೇಪನವಾಗುವುದು ಸರ್ವರಿಗೂ ತಿಳಿದ ಸಂಗತಿ. ಬ್ರೂಸ್‌ಪೇಟೆಯ ನಮ್ಮ ಸನ್ನಿಧಿಯಲ್ಲಿಯೂ ಅಂದು ಬೆಳಗಿನ ಜಾವದಿಂದಲೇ ಗಂಧ ತೇಯುವ ಸದ್ದು ಕೇಳಿಬರುತ್ತದೆ. ಕಳೆದ ವರ್ಷ ಅದೇ ದಿನ ನಡೆದ ಒಂದು ಸಂಗತಿಯು ಇನ್ನೂ ನಮ್ಮ ಮನಸ್ಸನ್ನು ಕೊರೆಯುತ್ತಿರುವುದರಿಂದ ಅದನ್ನೇ ಈ ಸಲದ ವಿಷಯವಾಗಿ ಆರಿಸಿಕೊಂಡಿದ್ದೇವೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ರಾತ್ರಿಯ ರೈಲಿನಲ್ಲಿ ಬಂದಿಳಿದು, ಸ್ನಾನ ಮಾಡಿ, ದೇವರಿಗೆ ಹೂವು ಕಟ್ಟಲೆಂದು ಬಂದು ಕುಳಿತಳು. ತಲೆಗೂದಲಿಗೆ ಸೆಂಟು ಸಿಂಪಡಿಸಿಕೊಂಡಿದ್ದಳು. ಹಿರಿಯರೊಬ್ಬರು ಎಲ್ಲರೆದುರಿಗೆ, "ಹೆಂಡದ ಸೀಸೆ ತಲೆಗೆ ಸುರುವಿಕೊಂಡು ದೇವರ ಹೂವು ಮುಟ್ಟುತ್ತೀಯೇನಮ್ಮಾ?" ಎಂದುಬಿಟ್ಟರು. ಆಕೆ ಬುಟ್ಟಿಯನ್ನು ಮೆಲ್ಲನೆ ಕೆಳಗಿಟ್ಟು ಹೊರಟುಹೋದಳು. ಪಕ್ಕದಲ್ಲಿಯೇ ಗಂಧ ತೇಯುತ್ತಿದ್ದ ನಾವು ತಲೆಯೆತ್ತಲಿಲ್ಲ. ಸಂಜೆ ಆಕೆಯ ತಾಯಿ ಬಂದು, "ಆಚಾರ್ಯರೇ, ನನ್ನ ಮಗಳದು ಎಷ್ಟು ತಪ್ಪು, ಅವರ ಮಾತು ಎಷ್ಟು ಸರಿ, ಶಾಸ್ತ್ರ ನೋಡಿ ಹೇಳ್ರಿ" ಎಂದು ಕೇಳಿದರು. ಅಂದು ನಮ್ಮಿಂದ ಉತ್ತರ ಹೊರಡಲಿಲ್ಲ. ಒಂದು ವರ್ಷ ತಡವಾಗಿ ಇಂದು ಹೇಳುತ್ತಿದ್ದೇವೆ.

ಮೊದಲನೆಯದಾಗಿ, ಸುಗಂಧವನ್ನು ಇಷ್ಟಪಡುವುದೇ ದೋಷವೆಂದು ಯಾರೂ ಭಾವಿಸಬಾರದು. ಭೂಮಿಯಲ್ಲಿನ ಪುಣ್ಯವಾದ ಗಂಧವು ತಾನೆಂದು ಗೀತೆಯ ಏಳನೆಯ ಅಧ್ಯಾಯದಲ್ಲಿ ಭಗವಂತನೇ ಅಪ್ಪಣೆ ಕೊಡಿಸಿದ್ದಾನೆ. ಷೋಡಶೋಪಚಾರಗಳಲ್ಲಿ ಗಂಧಕ್ಕೆ ಪ್ರತ್ಯೇಕ ಸ್ಥಾನವಿದೆ. ಗಂಧಮಾಲ್ಯಗಳನ್ನು ತ್ಯಜಿಸಬೇಕೆಂಬ ನಿಯಮವಿರುವುದು ಬ್ರಹ್ಮಚಾರಿಗೆ, ಯತಿಗಳಿಗೆ ಮತ್ತು ಏಕಾದಶಿಯಂತಹ ಉಪವಾಸದ ದಿನಗಳಲ್ಲಿ. ಗೃಹಸ್ಥರಿಗೂ ಸುವಾಸಿನಿಯರಿಗೂ ಅದು ಸಾರ್ವಕಾಲಿಕ ನಿಷೇಧವಲ್ಲ. ಅಭ್ಯಂಜನವಾದ ಮೇಲೆ ಒದ್ದೆಗೂದಲಿಗೆ ಸಾಂಬ್ರಾಣಿಯ ಹೊಗೆ ಹಿಡಿಸುವುದು, ಜಡೆಗೆ ಮಲ್ಲಿಗೆಯೊಡನೆ ದವನ, ಮರುಗ ಸೇರಿಸಿ ಮುಡಿಸುವುದು ನಮ್ಮ ಅಜ್ಜಿಯಂದಿರೇ ಕಲಿಸಿದ ಪದ್ಧತಿಯಲ್ಲವೇ?

ಹಾಗಾದರೆ ವಿವೇಚಿಸಬೇಕಾದುದು ಏನು? ಸುಗಂಧವು ಯಾವ ದಾರಿಯಿಂದ ನಮ್ಮ ತಲೆಗೆ ಬಂದಿತು ಎಂಬುದು. ಭಾಗವತದ ಏಕಾದಶಸ್ಕಂಧದಲ್ಲಿ ಉದ್ಧವನು ಶ್ರೀಕೃಷ್ಣನಲ್ಲಿ ಅರಿಕೆ ಮಾಡಿಕೊಳ್ಳುತ್ತಾನೆ: ನೀನು ಧರಿಸಿ ಬಿಟ್ಟ ಮಾಲೆ, ಗಂಧ, ವಸ್ತ್ರ, ಆಭರಣಗಳಿಂದ ಅಲಂಕೃತರಾಗಿ, ನೀನು ಉಂಡು ಮಿಕ್ಕುದನ್ನು ಉಣ್ಣುವ ದಾಸರಾದ ನಾವು ನಿನ್ನ ಮಾಯೆಯನ್ನು ಗೆಲ್ಲುತ್ತೇವೆ ಎಂದು. ಅಲಂಕಾರವನ್ನು ಬಿಡುತ್ತೇವೆಂದು ಉದ್ಧವನು ಹೇಳಲಿಲ್ಲ. ಅಲಂಕಾರವು ಸ್ವಾಮಿಯ ಪ್ರಸಾದವಾಗಿ ಬರಲಿ ಎಂದನು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ. ಹೂವು, ಹೂವಿನ ಪರಿಮಳ, ಅದನ್ನು ಗ್ರಹಿಸುವ ಘ್ರಾಣೇಂದ್ರಿಯ ಎಲ್ಲವೂ ಅವನ ಅಧೀನ. ಆದುದರಿಂದಲೇ ಅರ್ಪಿಸುವ ಹೂವನ್ನು ಮೊದಲು ಮೂಸಬಾರದೆಂಬ ನಿಯಮ. ಚೈತ್ರಶುದ್ಧ ದ್ವಾದಶಿಯಂದು ದವನವನ್ನು ಶ್ರೀಹರಿಗೆ ಸಮರ್ಪಿಸಿ, ಅನಂತರ ಮುಡಿಯುವುದರ ಅಭಿಪ್ರಾಯವೂ ಇದೇ.

ದಶಮಸ್ಕಂಧದ ಕುಬ್ಜೆಯನ್ನು ಸ್ಮರಿಸೋಣ. ಮಥುರೆಯ ರಾಜಬೀದಿಯಲ್ಲಿ ಕಂಸನ ಅರಮನೆಗೆ ಅನುಲೇಪನವನ್ನು ಒಯ್ಯುತ್ತಿದ್ದಳು. ದಿನವೂ ಅದನ್ನೇ ಸಿದ್ಧಪಡಿಸಿದರೂ ಅವಳ ಬೆನ್ನಿನ ಡೊಂಕು ಹೋಗಿರಲಿಲ್ಲ. ಅಂದು ರಾಮಕೃಷ್ಣರು ಕೇಳಿದಾಗ ಅದೇ ಗಂಧವನ್ನು ಅವರಿಗೆ ಕೊಟ್ಟಳು. ಶ್ರೀಕೃಷ್ಣನು ಅವಳ ಪಾದವನ್ನು ತನ್ನ ಪಾದದಿಂದ ಒತ್ತಿ, ಎರಡು ಬೆರಳುಗಳಿಂದ ಗಲ್ಲವನ್ನೆತ್ತಿ ನೆಟ್ಟಗೆ ನಿಲ್ಲಿಸಿದನು. ಗಂಧ ಬೇರೆಯಾಗಲಿಲ್ಲ, ತೇಯ್ದ ಕೈಯೂ ಬೇರೆಯಾಗಲಿಲ್ಲ. ಅದು ಸೇರಿದ ಸ್ಥಾನ ಮಾತ್ರ ಬೇರೆಯಾಯಿತು. ಇನ್ನೊಂದನ್ನೂ ಗಮನಿಸಬೇಕು. ಕಂಸನ ದಾಸಿಯೆಂದು ಶ್ರೀಕೃಷ್ಣನು ಅವಳನ್ನು ಬೀದಿಯಲ್ಲಿ ಹೀಯಾಳಿಸಲಿಲ್ಲ.

ಈಗ ಸೀಸೆಯ ವಿಚಾರ. 'ಓಡಿಕೊಲೋನ್' ಎಂಬುದು ಜರ್ಮನಿಯ ಕೊಲೋನ್ ಪಟ್ಟಣದ ಹೆಸರಿನಿಂದ ಬಂದುದು. ಇಟಲಿಯಿಂದ ಬಂದು ಅಲ್ಲಿ ನೆಲೆಸಿದ ಫರೀನಾ ಮನೆತನದವರು 1709ರಲ್ಲಿ ಅಲ್ಲಿ ವ್ಯಾಪಾರ ಪ್ರಾರಂಭಿಸಿದರು. ಇಂತಹ ದ್ರವಗಳಲ್ಲಿ ಬಹುಪಾಲು ಮದ್ಯಸಾರ, ಪರಿಮಳತೈಲವು ಅಲ್ಪ. ಹಳೆಯ ಕಾಲದ ಅತ್ತರಾದರೋ ಹೂವಿನ ಸಾರವನ್ನು ಶ್ರೀಗಂಧದ ಎಣ್ಣೆಗೆ ಇಳಿಸಿದುದು. ಜ್ವರ ಬಂದಾಗ ಓಡಿಕೊಲೋನಿನಲ್ಲಿ ಅದ್ದಿದ ಬಟ್ಟೆಯನ್ನು ಹಣೆಗೆ ಹಾಕಿಸಿಕೊಂಡ ಹಿರಿಯರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಯಾರೂ ಹೆಂಡ ಸೋಕಿದವರೆಂದು ಕರೆಯಲಿಲ್ಲ. ಮೈಗೆ ಹಚ್ಚಿದುದನ್ನು ಕುಡಿದುದಕ್ಕೆ ಸಮಾನವಾಗಿ ಆಡಿದರೆ ಅದು ಅಸತ್ಯವಾಗುತ್ತದೆ. ದೇವರ ಮುಂದೆ ಅಸತ್ಯವೂ ಮಡಿಯಲ್ಲ.

ಆದರೂ ದೇವರಿಗೆ ಅರ್ಪಿಸಲು ಬಾರದ ವಸ್ತುವನ್ನು ಧರಿಸಿ ಪೂಜೆಯ ಕೆಲಸಕ್ಕೆ ಕೂಡಬಾರದೆಂಬ ಹಿರಿಯರ ಕಾಳಜಿಯು ನ್ಯಾಯವಾದುದೇ. ತೀಕ್ಷ್ಣವಾದ ಪರಿಮಳವು ತುಳಸಿಯ, ತೀರ್ಥದ ಸೌರಭವನ್ನು ಮುಚ್ಚಿ, ಪಕ್ಕದವರ ಚಿತ್ತವನ್ನು ಶ್ರೀಹರಿಯಿಂದ ಕದಲಿಸುತ್ತದೆ. ಇದಲ್ಲದೆ ಮದ್ಯಸಾರವು ಬೇಗನೆ ಬೆಂಕಿ ಹಿಡಿಯುವ ಪದಾರ್ಥ. ಸಿಂಪಡಿಸಿಕೊಂಡ ಕೂದಲು ಆರುವ ಮೊದಲೇ ದೀಪದ ಕಡೆಗೆ, ಮಂಗಳಾರತಿಯ ತಟ್ಟೆಯ ಕಡೆಗೆ ಬಾಗುವುದು ಅಪಾಯಕರ. ಆದುದರಿಂದ ಪೂಜೆಗೆ, ಅಡಿಗೆಗೆ, ಹೂವು ಕಟ್ಟಲು ಬರುವವರು ಸ್ನಾನಾನಂತರ ಸೆಂಟು ಹಚ್ಚಿಕೊಳ್ಳದೆ ಬರಬೇಕೆಂದು ಪ್ರಾರ್ಥಿಸುತ್ತೇವೆ. ಈ ಮಾತು ಗಂಡುಮಕ್ಕಳಿಗೂ ಸಲ್ಲುತ್ತದೆ. ಪರಿಮಳದ ಕ್ರೀಮು ಬಳಿದುಕೊಂಡು ತೀರ್ಥಕ್ಕೆ ಕೈಯೊಡ್ಡುವ ಯುವಕರನ್ನು ಯಾರೂ ತಡೆದುದನ್ನು ನಾವು ಕಂಡಿಲ್ಲ. ಕಚೇರಿಗೆ, ಪ್ರಯಾಣಕ್ಕೆ ಹೊರಟಾಗ ಏನು ಹಚ್ಚಿಕೊಳ್ಳಬೇಕೆಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು.

ತಿಳಿಯದೆ ಬಂದವರಿದ್ದರೆ ಹಿರಿಯರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಲಿ: "ಮಗಳೇ, ಇಂದು ಕುಳಿತು ಪ್ರವಚನ ಕೇಳು, ಪೂಜೆಯಾದ ಮೇಲೆ ದೇವರ ಹೂವು ನಿನ್ನ ಮುಡಿಗೇ ಬರುತ್ತದೆ." ಇಷ್ಟೇ ಸಾಕಿತ್ತು. ಅಂದು ಈ ಮಾತನ್ನು ಆಡಬೇಕಾಗಿದ್ದವರು ನಾವು. ಶಾಸ್ತ್ರವನ್ನು ಓದಿಯೂ ಬೇಕಾದ ಹೊತ್ತಿಗೆ ಬಾಯಿ ತೆರೆಯದಿದ್ದುದು ಆಕೆಯ ಸೆಂಟಿಗಿಂತ ದೊಡ್ಡ ಲೋಪವೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಮಕ್ಕಳು ದೂರದ ಊರುಗಳಿಂದ ವರ್ಷಕ್ಕೊಂದೆರಡು ಸಲ ಬರುತ್ತಾರೆ. ಒಂದು ಕಟುವಾದ ಮಾತಿನಿಂದ ಅವರು ದೇವಸ್ಥಾನದ ಮೆಟ್ಟಿಲನ್ನು ತೊರೆದರೆ ನಾಳೆ ಹೂವು ಕಟ್ಟುವವರಾರು?

ಆ ತಾಯಿಯ ಮನೆಗೆ ನಾವೇ ಹೋಗಿ, ಈ ಅಕ್ಷಯತೃತೀಯೆಗೆ ಮಗಳನ್ನು ಕರೆಸಬೇಕೆಂದು ಕೇಳಿಕೊಂಡು ಬಂದಿದ್ದೇವೆ. ಬರುವುದು ಬಿಡುವುದು ಆಕೆಯ ಮನಸ್ಸು. ಹೂವಿನ ಬುಟ್ಟಿಯನ್ನು ಮಾತ್ರ ಆಕೆಗಾಗಿ ತೆಗೆದಿರಿಸುತ್ತೇವೆ. ಹರಿನಿರ್ಮಾಲ್ಯದ ಪರಿಮಳವು ಎಲ್ಲರ ಶಿರಸ್ಸನ್ನೂ, ಹಿರಿಯರ ನಾಲಿಗೆಯನ್ನೂ, ನಮ್ಮ ಮನಸ್ಸನ್ನೂ ಪವಿತ್ರಗೊಳಿಸಲೆಂದು ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯನ್ನು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.