ಒಂದೇ ತಪ್ಪು, ಒಂದೇ ಮೂಲ

ತಂತ್ರಾಂಶ ಬರೆಯುವವರ ಲೋಕದಲ್ಲಿ ಒಂದು ನಿತ್ಯಕರ್ಮವಿದೆ. ಒಂದೇ ಬರಹದ ಮೇಲೆ ಹಲವರು ಏಕಕಾಲದಲ್ಲಿ ದುಡಿಯುತ್ತಾರೆ. ಪ್ರತಿಯೊಬ್ಬರೂ ತಮ್ಮದೇ ಒಂದು ಶಾಖೆಯನ್ನು ತೆರೆದುಕೊಳ್ಳುತ್ತಾರೆ. ಅಲ್ಲಿ ತಮಗೆ ಸರಿಕಂಡಂತೆ ಸೇರಿಸುತ್ತಾರೆ, ಅಳಿಸುತ್ತಾರೆ, ತಿದ್ದುತ್ತಾರೆ. ಕೆಲಸ ಮುಗಿದ ಮೇಲೆ ಶಾಖೆಗಳು ಮತ್ತೆ ಕೂಡಬೇಕು. ಈ ಕೂಡಿಕೆಯನ್ನು ಅವರು ಮರ್ಜ್ ಎನ್ನುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ವ್ಯವಸ್ಥೆ ಇಂದು ಜಗತ್ತಿನೆಲ್ಲೆಡೆ ಈ ಕಾರ್ಯವನ್ನು ನಿರ್ವಹಿಸುತ್ತಿದೆ. ಅದರ ನಡೆಯಲ್ಲಿ ಒಂದು ಸೂಕ್ಷ್ಮವಿದೆ. ಎರಡು ಶಾಖೆಗಳನ್ನು ಕೂಡಿಸೆಂದಾಗ ಅದು ಅವೆರಡನ್ನಷ್ಟೇ ಎದುರುಬದುರು ನಿಲ್ಲಿಸಿ ನೋಡುವುದಿಲ್ಲ. ಮೊದಲು ಹಿಂದಕ್ಕೆ ಹೋಗುತ್ತದೆ. ಕವಲೊಡೆಯುವ ಮುನ್ನ ಅವು ಒಂದಾಗಿದ್ದ ಕಡೆಯ ಬಿಂದುವನ್ನು, ಅವುಗಳ ಸಮಾನ ಪೂರ್ವಜನನ್ನು, ಹುಡುಕುತ್ತದೆ.

ಹೀಗೆ ಹಿಂದಕ್ಕೆ ಹೋಗುವುದಕ್ಕೆ ಕಾರಣವಿದೆ. ಒಂದು ಶಾಖೆಯಲ್ಲಿ ಒಂದು ಸಾಲು ಇದೆ, ಇನ್ನೊಂದರಲ್ಲಿ ಇಲ್ಲ. ಅದನ್ನು ಒಬ್ಬರು ಹೊಸದಾಗಿ ಸೇರಿಸಿದರೋ, ಇದ್ದುದನ್ನು ಇನ್ನೊಬ್ಬರು ಅಳಿಸಿದರೋ? ಎರಡನ್ನೂ ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ದೊರೆಯದು. ಮೂಲವನ್ನು ನೋಡಿದ ಕ್ಷಣವೇ ಎಲ್ಲವೂ ನಿಚ್ಚಳ. ಅಲ್ಲಿ ಆ ಸಾಲು ಇರದಿದ್ದರೆ ಇದು ಸೇರ್ಪಡೆ. ಇದ್ದಿದ್ದರೆ ಅದು ಲೋಪ. ಒಬ್ಬರು ಮಾತ್ರ ಬದಲಿಸಿದ್ದರೆ ಯಂತ್ರ ಆ ಬದಲಾವಣೆಯನ್ನು ಸದ್ದಿಲ್ಲದೆ ಸ್ವೀಕರಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದ್ದರೆ ನಿಲ್ಲುತ್ತದೆ. ಏಳೇಳು ಚಿಹ್ನೆಗಳ ಗೆರೆಗಳ ನಡುವೆ ಇಬ್ಬರ ಮಾತನ್ನೂ ಇಟ್ಟು, ಮನುಷ್ಯನ ವಿವೇಕಕ್ಕಾಗಿ ಕಾಯುತ್ತದೆ. ಯಾರು ಹಿರಿಯರು, ಯಾರು ಮೊದಲು ಬರೆದರು ಎಂದು ಎಣಿಸುವುದಿಲ್ಲ. ವ್ಯತ್ಯಾಸವನ್ನು ತೋರಿಸುವುದು ತನ್ನ ಧರ್ಮ, ತೀರ್ಪು ತನ್ನ ಅಧಿಕಾರವಲ್ಲ ಎಂಬಂತೆ ಇರುತ್ತದೆ.

ನಮಗೆ ಆ ತಾಳ್ಮೆ ಸಾಲದು. ನಮ್ಮ ಭಿನ್ನಾಭಿಪ್ರಾಯಗಳಲ್ಲಿ ಕಾಣುವುದು ಎರಡೇ ಪಕ್ಷ: ನಾನು, ನೀನು. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ಒಂದು ನಿಂಬೆಯ ತೋಟ ಪಾಲಾಯಿತೆನ್ನೋಣ. ಅಣ್ಣತಮ್ಮಂದಿರು ಬದುವಿನ ಎರಡು ಬದಿಯಲ್ಲಿ ನಿಂತು ತಮ್ಮ ನಡುವಿನ ಅಂತರವನ್ನು ಅಳೆಯುತ್ತಾರೆ. ತಂದೆ ಬಾವಿ ತೋಡಿಸಿದ ದಿನದಿಂದ ತಾವಿಬ್ಬರೂ ಎಷ್ಟೆಷ್ಟು ದೂರ ಬಂದೆವು ಎಂಬುದು ಅಳತೆಗೆ ಸಿಗುವುದಿಲ್ಲ. ಅವನು ಬದಲಾದ ಎನ್ನುತ್ತೇವೆ. ನಾವೂ ಬದಲಾದೆವು ಎಂಬುದು ನಮ್ಮ ಲೆಕ್ಕಕ್ಕೆ ಬಾರದು. ನಮ್ಮ ಇಂದಿನ ಸ್ಥಿತಿಯನ್ನೇ ನಾವು ಮೂಲವೆಂದು ಭಾವಿಸಿರುತ್ತೇವೆ. ಆದ್ದರಿಂದ ಎದುರಿನವರಲ್ಲಿ ಇಲ್ಲದ್ದೆಲ್ಲ ಅವರು ಅಳಿಸಿದ್ದು. ಅವರಲ್ಲಿ ಹೆಚ್ಚಿಗೆ ಕಂಡದ್ದೆಲ್ಲ ಅವರು ತುರುಕಿದ್ದು. ಇದರ ಹಿಂದೆ ಕೇಡಿನ ಬುದ್ಧಿಯೇನೂ ಇರಬೇಕಿಲ್ಲ. ಮನುಷ್ಯಸಹಜವಾದ ಮರೆವೇ ಸಾಕು.

ಕೂಡುವುದೆಂದೊಡನೆ ಈ ನಾಡಿನವರಿಗೆ ನದಿಗಳು ನೆನಪಾಗುತ್ತವೆ. ಇಂಡಿ, ಸಿಂದಗಿಯ ಅಂಚಿನಲ್ಲಿ ಭೀಮೆ. ಬಾಗೇವಾಡಿ, ಮುದ್ದೇಬಿಹಾಳದ ಸೀಮೆಯಲ್ಲಿ ಕೃಷ್ಣೆ. ಮುಂದೆ ರಾಯಚೂರಿನ ನೆಲದಲ್ಲಿ ಎರಡೂ ಒಂದಾಗುತ್ತವೆ. ಆದರೆ ನದಿಗಳ ಕೂಟ ನಮಗೆ ಪೂರ್ಣ ನಿದರ್ಶನವಾಗದು. ಭೀಮೆ ಹುಟ್ಟಿದ್ದು ಭೀಮಾಶಂಕರದಲ್ಲಿ, ಕೃಷ್ಣೆ ಹುಟ್ಟಿದ್ದು ಮಹಾಬಳೇಶ್ವರದಲ್ಲಿ. ಬೇರೆಬೇರೆ ಹುಟ್ಟಿದ ನೀರು ಬೆರೆಯುವಾಗ ಹಳೆಯ ಲೆಕ್ಕವಿರುವುದಿಲ್ಲ. ಒಂದೆಡೆ ಹುಟ್ಟಿ, ಅಗಲಿ, ಮತ್ತೆ ಕೂಡಬೇಕಾದವರ ಸಂಕಟವೇ ಬೇರೆ. ಅಪರಿಚಿತರೊಡನೆ ನಾವು ಅನಾಯಾಸವಾಗಿ ಬೆರೆಯುತ್ತೇವೆ, ಒಡಹುಟ್ಟಿದವರೊಡನೆ ತಡವರಿಸುತ್ತೇವೆ.

ಈ ವಿಷಯದಲ್ಲಿ ಯಂತ್ರಕ್ಕೆ ಒಂದು ಅನುಕೂಲವಿದೆ. ಅದರ ದಾಖಲೆಯಲ್ಲಿ ಪ್ರತಿಯೊಂದು ಹೆಜ್ಜೆಯೂ ತನ್ನ ಹಿಂದಿನ ಹೆಜ್ಜೆಯ ಗುರುತನ್ನು ಒಳಗೇ ಹೊತ್ತಿರುತ್ತದೆ. ಮೂಲದ ದಾರಿ ಅದಕ್ಕೆ ತಪ್ಪುವುದಿಲ್ಲ. ಆ ಗುರುತೇ ಅಳಿದುಹೋದಲ್ಲಿ ಏನು ಗತಿ? ಈ ಪ್ರಶ್ನೆಗೆ ಇದೇ ನೆಲ ಹಿಂದೆಯೇ ಮುಖಾಮುಖಿಯಾಗಿತ್ತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಮಕಾಲೀನ ಶರಣರೂ 12ನೆಯ ಶತಮಾನದಲ್ಲಿ ನುಡಿದ ವಚನಗಳು, ಕಲ್ಯಾಣದ ವಿಪ್ಲವದ ನಂತರ ಶರಣರೊಡನೆ ದಿಕ್ಕುದಿಕ್ಕಿಗೆ ಚೆದುರಿದವು. ಮಠಗಳಲ್ಲಿ, ಮನೆಗಳ ದೇವರ ಜಗಲಿಗಳಲ್ಲಿ ಓಲೆಗರಿಯ ಕಟ್ಟುಗಳಾಗಿ ಉಳಿದವು. ಪ್ರತಿಯಿಂದ ಪ್ರತಿ ಹುಟ್ಟಿತು. ಒಂದರಲ್ಲಿ ಪದವೊಂದು ಜಾರಿತು, ಇನ್ನೊಂದರಲ್ಲಿ ಪಂಕ್ತಿಯೊಂದು ಸೇರಿತು. ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯೂ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ, ಕೈಯಿಂದ ಕೈಗೆ ಸಾಗುತ್ತ, ಹಲವು ರೂಪಗಳನ್ನು ತಾಳಿತು. ಶತಮಾನಗಳ ಬಳಿಕ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಈ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ತಲೆಯೆತ್ತಿತು. ಅದಕ್ಕಾಗಿ ಅವರು ಸ್ವಂತ ಮನೆಯನ್ನೂ ಮಾರಿದರು. ಮುಂದೆ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ ಅದರ ಪ್ರಧಾನ ಸಂಪಾದಕರಾದವರು ಎಂ.ಎಂ. ಕಲಬುರ್ಗಿಯವರು. ಅವರು 1938ರಲ್ಲಿ ಹುಟ್ಟಿದ್ದು ಸಿಂದಗಿ ಸೀಮೆಯ ಯರಗಲ್ ಗ್ರಾಮದಲ್ಲಿ. ಬಾಗೇವಾಡಿಯಿಂದ ಹೊರಟವರ ಮಾತನ್ನು ಕೂಡಿಸುವ ಹೊಣೆ, ಎಂಟು ಶತಮಾನಗಳ ನಂತರ, ಅದೇ ಜಿಲ್ಲೆಯ ಇನ್ನೊಂದು ಊರಿನವರ ಪಾಲಿಗೆ ಬಂದಿತು.

ಗ್ರಂಥಸಂಪಾದಕರ ಮುಂದಿರುವ ಪ್ರಶ್ನೆಯೂ ಯಂತ್ರದ ಪ್ರಶ್ನೆಯೇ. ಎರಡು ಪ್ರತಿಗಳು ಭಿನ್ನವಾದಲ್ಲಿ ಯಾವುದು ಮೂಲಕ್ಕೆ ಹತ್ತಿರ? ಓಲೆ ಸಾಮಾನ್ಯವಾಗಿ ತನ್ನ ಮಾತೃಪ್ರತಿ ಯಾವುದೆಂದು ಹೇಳುವುದಿಲ್ಲ. ಮಾತೃಪ್ರತಿ ಎಂದೋ ಹುಳುವಿನ ಪಾಲಾಗಿರುತ್ತದೆ. ಆಗ ವಿದ್ವಾಂಸರು ಹಿಡಿಯುವ ಹಾದಿ ವಿಸ್ಮಯಕರ. ಪ್ರತಿಗಳ ಬಾಂಧವ್ಯವನ್ನು ಅವರು ಸರಿಯಾದ ಪಾಠಗಳಿಂದ ನಿರ್ಣಯಿಸುವುದಿಲ್ಲ. ಸರಿಯಾದುದು ಎಲ್ಲ ಪ್ರತಿಗಳಲ್ಲೂ ಇರಬಹುದು. ಅದು ವಿಶೇಷ ಸಂಬಂಧಕ್ಕೆ ಸಾಕ್ಷಿಯಾಗದು. ಅವರು ಅರಸುವುದು ಸಮಾನವಾದ ತಪ್ಪನ್ನು. ಎರಡು ಪಂಕ್ತಿಗಳು ಒಂದೇ ಪದದಿಂದ ಮುಗಿದರೆ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುತ್ತದೆ. ನಡುವಿನ ಮಾತು ಬಿಟ್ಟುಹೋಗುತ್ತದೆ. ಇಂತಹ ಎಡವು ಯಾರಿಗಾದರೂ ಆದೀತು. ಆದರೆ ಸುಲಭವಾಗಿ ಯಾರೂ ಮಾಡದ ಒಂದು ವಿಲಕ್ಷಣ ಪ್ರಮಾದ, ದೂರದೂರದ ಎರಡು ಊರುಗಳ ಪ್ರತಿಗಳಲ್ಲಿ, ಒಂದೇ ಜಾಗದಲ್ಲಿ ಕಂಡರೆ? ಅವು ಒಂದೇ ತಾಯಿಯ ಮಕ್ಕಳೆಂದು ತಿಳಿಯುತ್ತಾರೆ. ಹೀಗೆ ಕಳೆದುಹೋದ ಮೂಲದ ಸುಳಿವು ಅದರ ಸಂತತಿಯ ದೋಷಗಳಲ್ಲಿಯೇ ದೊರೆಯುತ್ತದೆ. ಹಳೆಯ ಲಿಪಿಕಾರರು ಕೃತಿಯ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿ ಓದಬೇಕೆಂದು ಬೇಡಿಕೊಳ್ಳುವುದಿತ್ತು. ಕ್ಷಮೆ ಕೇಳಿದ ಆ ತಪ್ಪೇ ಮುಂದೊಂದು ದಿನ ಕುಲದ ಕುರುಹಾಗುವುದೆಂದು ಅವರು ಎಣಿಸಿರಲಾರರು.

ನಾವೂ ನಮ್ಮ ಬಾಂಧವ್ಯದ ಸಾಕ್ಷಿಯನ್ನು ಗುಣಗಳಲ್ಲಿ ಹುಡುಕುತ್ತೇವೆ. ಒಳ್ಳೆಯ ಮನೆತನ, ಉದಾತ್ತ ಪರಂಪರೆ, ಸಮಾನ ಆದರ್ಶ ಎಂದು ಹೇಳಿಕೊಳ್ಳುತ್ತೇವೆ. ಆದರೆ ಗುಣವನ್ನು ಯಾರು ಬೇಕಾದರೂ ಎಲ್ಲಿಂದಲಾದರೂ ಕಲಿಯಬಹುದು. ದೋಷ ಮಾತ್ರ ಬಹುಪಾಲು ಹುಟ್ಟಿದ ಮನೆಯಿಂದಲೇ ಬಂದಿರುತ್ತದೆ. ತಂದೆಯ ಮುಂಗೋಪವನ್ನು ಅಣ್ಣನಲ್ಲಿ ಕಂಡು ತಮ್ಮ ರೇಗುತ್ತಾನೆ. ರೇಗುವ ಆ ಧ್ವನಿಯಲ್ಲೂ ಅದೇ ತಂದೆಯಿದ್ದಾನೆ. ಎದುರಿನವರಲ್ಲಿ ನಮ್ಮನ್ನು ಅತಿಯಾಗಿ ಕೆಣಕುವ ದೌರ್ಬಲ್ಯ ಅನೇಕ ವೇಳೆ ನಮ್ಮದೇ ದೌರ್ಬಲ್ಯದ ಮತ್ತೊಂದು ಪ್ರತಿ. ಅದನ್ನು ಆರೋಪವೆಂದು ಓದಿದರೆ ಅಂತರ ಬೆಳೆಯುತ್ತದೆ. ಗುರುತೆಂದು ಓದಿದರೆ ಹಿಂದಕ್ಕೊಂದು ದಾರಿ ಕಾಣುತ್ತದೆ. ಒಂದೇ ಬಗೆಯ ಭಯ, ಒಂದೇ ಬಗೆಯ ಹಟ, ಮೊದಲು ಮಾತಾಡಲು ಒಂದೇ ಬಗೆಯ ಸಂಕೋಚ. ಇವು ಇಬ್ಬರಲ್ಲೂ ಇದ್ದರೆ, ನಾವು ಎಲ್ಲೋ ಒಂದಾಗಿದ್ದೆವು. ಈ ಅರಿವನ್ನು ಮನೆಯ ಹೊಸ್ತಿಲಿನಾಚೆಗೂ ಒಯ್ಯಬಹುದು. ಮನುಷ್ಯರೆಲ್ಲರ ಸಾಧನೆಗಳು ಬೇರೆಬೇರೆ. ಎಡವುವ ಜಾಗಗಳು ಬಹುಮಟ್ಟಿಗೆ ಒಂದೇ.

ಮೂಲ ಕಂಡ ಮಾತ್ರಕ್ಕೆ ಭೇದ ಕರಗುವುದಿಲ್ಲ. ಸಂಪಾದಕರು ಕೊನೆಗೆ ಒಂದು ಪಾಠವನ್ನು ಆರಿಸಲೇಬೇಕು. ಆದರೆ ಕೈಬಿಟ್ಟ ಪಾಠಾಂತರಕ್ಕೆ ಅಡಿಟಿಪ್ಪಣಿಯಲ್ಲಿ ಸ್ಥಾನವಿರುತ್ತದೆ. ಇಂದಿನ ನಿರ್ಣಯ ತಪ್ಪಾದರೆ ನಾಳಿನ ಓದುಗ ಅದನ್ನು ಎತ್ತಿಕೊಳ್ಳಲಿ ಎಂಬ ಸೌಜನ್ಯವದು. ಗಿಟ್ ಕೂಡ ಎರಡು ಶಾಖೆಗಳನ್ನು ಬೆಸೆದಾಗ ಆ ಬೆಸುಗೆಯ ಹೆಜ್ಜೆಗೆ ಎರಡು ಪೂರ್ವಜರನ್ನು ದಾಖಲಿಸುತ್ತದೆ; ಎರಡೂ ಕಡೆಯ ಚರಿತ್ರೆ ಹಾಗೆಯೇ ಉಳಿಯುತ್ತದೆ. ಇನ್ನೊಂದು ಮಾತನ್ನು ಈ ಕಸುಬಿನ ಅನುಭವಿಗಳು ಬಲ್ಲರು. ಘರ್ಷಣೆ ತಲೆದೋರದ ಕೂಡಿಕೆಯೆಲ್ಲ ಸರಿಯಾದ ಕೂಡಿಕೆಯಲ್ಲ. ಒಂದು ಹೆಸರನ್ನು ಒಬ್ಬರು ಬದಲಿಸಿರುತ್ತಾರೆ. ಇನ್ನೊಬ್ಬರು ಬೇರೊಂದು ಮೂಲೆಯಲ್ಲಿ ಹಳೆಯ ಹೆಸರನ್ನೇ ಬಳಸಿರುತ್ತಾರೆ. ಸಾಲುಗಳು ಒಂದಕ್ಕೊಂದು ತಾಗವು, ಯಂತ್ರಕ್ಕೆ ತಕರಾರಿಲ್ಲ, ಅರ್ಥ ಮಾತ್ರ ಮುರಿದಿರುತ್ತದೆ. ಜಗಳವಿಲ್ಲದ ಮನೆಗಳಲ್ಲೂ ಕೆಲವೊಮ್ಮೆ ಹೀಗಾಗುತ್ತದೆ. ಶಾಖೆ ಒಂಟಿಯಾಗಿ ಬೆಳೆದಷ್ಟೂ ಕೂಡಿಕೆ ಕಠಿಣವಾಗುತ್ತದೆ ಎಂದೂ ಅವರು ಬಲ್ಲರು. ಆದ್ದರಿಂದ ದಿನದಿನವೂ ಸ್ವಲ್ಪ ಸ್ವಲ್ಪ ಕೂಡುತ್ತಾರೆ.

ಹಾಗೆ ಕೂಡುವುದರಿಂದ ಮತ್ತೊಂದು ಲಾಭವಿದೆ. ಎರಡು ಶಾಖೆಗಳು ಒಮ್ಮೆ ಕೂಡಿ ಮತ್ತೆ ಕವಲೊಡೆದರೆ, ಮರುಕೂಡಿಕೆಗೆ ಯಂತ್ರ ಆದಿಯವರೆಗೆ ಹೋಗುವುದಿಲ್ಲ. ಹಿಂದಿನ ಕೂಡಿಕೆಯೇ ಆಗ ಹೊಸ ಮೂಲವಾಗುತ್ತದೆ. ಅಂದು ಬಗೆಹರಿದ ವ್ಯಾಜ್ಯವನ್ನು ಅದು ಮತ್ತೆ ತೆರೆಯುವುದಿಲ್ಲ. ನಾವು ಮೂಲವನ್ನು ಸದಾ ಕಳೆದ ಕಾಲದಲ್ಲಿ, ಹಿರಿಯರ ಬಳಿ, ಕೈಗೆಟುಕದ ದೂರದಲ್ಲಿ ಇರಿಸಿದ್ದೇವೆ. ಅಷ್ಟು ದೂರ ಹೋಗುವ ಶಕ್ತಿ ಎಲ್ಲರಿಗೂ ಇರಲಾರದು. ಆದರೆ ಇಂದು ಇಬ್ಬರು ಒಪ್ಪಿದ ಒಂದು ಸಣ್ಣ ಮಾತು, ನಾಳೆ ಅವರು ಭಿನ್ನರಾದಾಗ ಹಿಂದಿರುಗಿ ನಿಲ್ಲಬಹುದಾದ ನೆಲವಾಗುತ್ತದೆ. ಅಂತಹ ನೆಲವನ್ನು ನಮ್ಮ ಹಿರಿಯರಷ್ಟೇ ಅಲ್ಲ, ನಾವೂ ಕಟ್ಟಬಲ್ಲೆವು.