ನಡುವೆ ಬಿಟ್ಟು ಏಳಬಹುದಾದ ಕೆಲಸ

1911ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಕಲಾವಿದೆ ಸೋನಿಯಾ ಡೆಲೋನೆ ತಮ್ಮ ಕೂಸಿಗೆಂದು ಬಟ್ಟೆಯ ತುಂಡುಗಳನ್ನು ಜೋಡಿಸಿ ಒಂದು ಹೊದಿಕೆ ಹೊಲಿದರು. ಉಕ್ರೇನಿನಲ್ಲಿ ಹುಟ್ಟಿದ ಅವರಿಗೆ ಅಲ್ಲಿನ ರೈತರ ಮನೆಯ ಹೊದಿಕೆಗಳು ನೆನಪಿದ್ದವು. ನಮ್ಮ ಕಣ್ಣಿಗೆ ಅದು ಕೌದಿಯೇ. ಆ ತುಂಡುಗಳಲ್ಲಿ ಬಣ್ಣ ಬಣ್ಣಕ್ಕೆ ತಾಗಿದ ರೀತಿಯೇ ಮುಂದೆ ಅವರ ಅಮೂರ್ತ ಚಿತ್ರಗಳಿಗೆ ದಾರಿಯಾಯಿತು.

ಮಗು ಕಲೆಯ ಹೊತ್ತನ್ನು ತಿಂದುಬಿಡುತ್ತದೆ ಅನ್ನುತ್ತಾರೆ. ತಿನ್ನುತ್ತದೆ, ಸುಳ್ಳಲ್ಲ. ಆದರೆ ಉಳಿದ ಹೊತ್ತಿನಲ್ಲಿ ಕೈ ಯಾವ ಕೆಲಸ ಹಿಡಿಯುತ್ತದೆ ಎನ್ನುವುದನ್ನೂ ಆ ಮಗುವೇ ತೀರ್ಮಾನಿಸುತ್ತದೆ ಎಂದು ನನಗೆ ಅನಿಸುತ್ತದೆ. ಛಾಯಾಗ್ರಾಹಕಿ ಇಮೋಜೆನ್ ಕನಿಂಗ್‌ಹ್ಯಾಮ್ ಅವರಿಗೆ ಮೂವರು ಗಂಡುಮಕ್ಕಳು, ಅದರಲ್ಲಿಬ್ಬರು ಅವಳಿ. ಮನೆ ಬಿಟ್ಟು ದೂರ ಹೋಗುವಂತಿರಲಿಲ್ಲ. ಕ್ಯಾಮೆರಾ ಹಿತ್ತಲಿನ ಗಿಡಗಳತ್ತ ತಿರುಗಿತು. 1925ರ ಅವರ ಮ್ಯಾಗ್ನೋಲಿಯಾ ಹೂವಿನ ಚಿತ್ರ ಇಪ್ಪತ್ತನೆಯ ಶತಮಾನದ ದೊಡ್ಡ ಛಾಯಾಚಿತ್ರಗಳಲ್ಲಿ ಒಂದು. ಮಕ್ಕಳ ದನಿ ಕೇಳುವಷ್ಟು ದೂರದಲ್ಲೇ ನಿಂತು ನೋಡಬೇಕಾದವರು ಹೂವಿನೊಳಗೇ ಅಷ್ಟು ದೂರ ಹೋದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಗೆಳತಿ, ಶಿಲ್ಪಿ ರೂತ್ ಅಸಾವಾ ಇದ್ದರು. ವಯಸ್ಸಿನಲ್ಲಿ ನಲವತ್ತು ವರ್ಷಕ್ಕೂ ಕಿರಿಯರು, ಆರು ಮಕ್ಕಳ ತಾಯಿ. 1947ರಲ್ಲಿ ಮೆಕ್ಸಿಕೋದ ಟೊಲುಕಾದಲ್ಲಿ ತಂತಿಯ ಬುಟ್ಟಿ ಹೆಣೆಯುವುದನ್ನು ಕಲಿತಿದ್ದರು. ಕುಣಿಕೆಗೆ ಕುಣಿಕೆ ಸೇರಿಸುತ್ತಾ ಹೋಗುವ ಆ ಹೆಣಿಗೆಯನ್ನು ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು. ಅತ್ತ ಕೂಸನ್ನು ಎತ್ತಿಕೊಂಡು, ಉಣ್ಣಿಸಿ, ಮಲಗಿಸಿ ಬರುವಷ್ಟರಲ್ಲಿ ಬಿಟ್ಟ ಕುಣಿಕೆ ಬಿಟ್ಟಲ್ಲೇ ಇರುತ್ತದೆ. 1957ರಲ್ಲಿ ಕನಿಂಗ್‌ಹ್ಯಾಮ್ ತೆಗೆದ ಚಿತ್ರದಲ್ಲಿ ಅಸಾವಾ ಹೆಣೆಯುತ್ತಿದ್ದಾರೆ, ಸುತ್ತ ತಂತಿಯ ಆಕೃತಿಗಳು, ನಡುವೆ ಮಕ್ಕಳು. ಯಾರನ್ನೂ ಆಚೆ ಕಳಿಸಿಲ್ಲ. ಆ ಚಿತ್ರ ತೆಗೆಯಲು ಇನ್ನೊಬ್ಬ ತಾಯಿಯ ಕಣ್ಣೇ ಬೇಕಿತ್ತೇನೋ. ಅದೇ ದಶಕದ ವಿಮರ್ಶಕರಿಗೆ ಮಾತ್ರ ಅಸಾವಾ ಮೊದಲು ಗೃಹಿಣಿಯಾಗಿ ಕಂಡರು, ಆಮೇಲೆ ಕಲಾವಿದೆ.

ಇಷ್ಟು ಹೇಳುವಾಗ ನನ್ನೊಳಗೊಂದು ಅಳುಕೂ ಇದೆ. ಅಡಚಣೆಯಿಂದ ಚೆಲುವು ಹುಟ್ಟಿತು ಎಂದು ಕೊಂಡಾಡುತ್ತಾ ನಾವು ಆ ಅಡಚಣೆಯನ್ನೇ ತಾಯಂದಿರ ಪಾಲಿಗೆ ಕಾಯಂ ಮಾಡಿಬಿಡಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳಿಂದ ಕೌದಿ ಹೊಲಿದ ಎಷ್ಟೋ ಕೈಗಳಿಗೆ ಹೆಸರಿಲ್ಲ. ಆ ಹೆಂಗಸರಲ್ಲಿ ಯಾರಿಗೆ ಇನ್ನೇನು ಮಾಡುವ ಆಸೆಯಿತ್ತೋ, ಯಾರೂ ಕೇಳಲಿಲ್ಲ. ಹೊತ್ತು ಸಿಕ್ಕಿದ್ದರೆ ಎಂಬ ಪ್ರಶ್ನೆ ಡೆಲೋನೆಯ ಹೊದಿಕೆಯ ಮುಂದೆಯೂ ಕೇಳಬೇಕಾದದ್ದೇ.

ಅಸಾವಾ ಈ ಪ್ರಶ್ನೆಯನ್ನು ತಮ್ಮೊಬ್ಬರದೆಂದು ಇಟ್ಟುಕೊಳ್ಳಲಿಲ್ಲ. 1968ರಲ್ಲಿ ಇನ್ನೊಬ್ಬ ತಾಯಿಯ ಜೊತೆ ಸೇರಿ ತಮ್ಮ ಊರಿನ ಆಲ್ವರಾಡೋ ಶಾಲೆಯಲ್ಲಿ ಕಲಾ ಕಾರ್ಯಾಗಾರ ಕಟ್ಟಿದರು. ಅಲ್ಲಿ ಕಲಾವಿದರೂ ಹೆತ್ತವರೂ ಒಟ್ಟಾಗಿ ಮಕ್ಕಳ ಜೊತೆ ಕೆಲಸಕ್ಕೆ ಕೂತರು.