ಸುಲಭದ ದಿನದ ಕಷ್ಟ

ದುಡಿಮೆಯನ್ನು ಹೊಗಳದ ಮನೆ ನಮ್ಮಲ್ಲಿ ವಿರಳ. ನಸುಕಿನಲ್ಲೇ ಏಳುವ ಗೃಹಸ್ಥನನ್ನು, ಎಲ್ಲರೂ ಮಲಗಿದ ಮೇಲೂ ಕೈಕಟ್ಟಿ ಕೂರದ ತಾಯಿಯನ್ನು, ಜ್ವರವಿದ್ದರೂ ಶಾಲೆ ತಪ್ಪಿಸದ ಮಗುವನ್ನು ನಾವು ಮೆಚ್ಚಿ ಮಾತನಾಡುತ್ತೇವೆ. ಸೋಮಾರಿತನ ಒಂದು ದೋಷವೆಂಬುದರಲ್ಲಿ ನಮಗಾರಿಗೂ ಸಂದೇಹವಿಲ್ಲ. ಆದರೆ ಅತಿಯಾದ ಶ್ರಮವೂ ದೋಷವಾಗಬಲ್ಲುದೇ? ಇನ್ನೂ ಮಾಡಲು ಶಕ್ತಿಯಿದ್ದಾಗಲೂ ಇಷ್ಟಕ್ಕೇ ಸಾಕೆಂದು ನಿಲ್ಲಿಸುವುದು ಎಂದಾದರೂ ಕರ್ತವ್ಯವಾದೀತೇ? ಈ ಪ್ರಶ್ನೆಯನ್ನು ನಾನು ಯಾವುದೋ ಗ್ರಂಥದಿಂದ ಎತ್ತಿಕೊಂಡಿಲ್ಲ. ನನ್ನ ಎಡಗಾಲಿನ ಮೂಳೆಯಲ್ಲಿ ಬಿದ್ದ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಇದನ್ನು ನನ್ನ ಮುಂದಿಟ್ಟಿತು.

ಹಾಸನದವರಾದ ನಾವು ಹತ್ತು ವರ್ಷಗಳಿಗೂ ಮಿಗಿಲಾಗಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದೇವೆ. ನನ್ನ ಪತ್ನಿ ಆಸ್ಪತ್ರೆಯೊಂದರಲ್ಲಿ ದಾದಿ. ನಾನು ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವನು. ನಲವತ್ತರ ವಯಸ್ಸಿನಲ್ಲಿ, ಏರುತ್ತಿದ್ದ ರಕ್ತದೊತ್ತಡಕ್ಕೆ ಹೆದರಿ, ನಮ್ಮ ಬಡಾವಣೆಯ ಓಟಗಾರರ ಕ್ಲಬ್ಬಿಗೆ ಸೇರಿಕೊಂಡೆ. ಶಾಲಾ ಶಿಕ್ಷಕಿಯರು, ಬಸ್ ಚಾಲಕರು, ಮೊಮ್ಮಕ್ಕಳಿರುವ ಅಜ್ಜಂದಿರು ಅಲ್ಲಿ ಜೊತೆಯಾಗಿ ಓಡುತ್ತಾರೆ. ಅವರಲ್ಲಿ ಯಾರೂ ಯಾವ ದೊಡ್ಡ ಸ್ಪರ್ಧೆಯನ್ನೂ ಗೆಲ್ಲುವವರಲ್ಲ. ಅದು ಅವರಿಗೂ ಗೊತ್ತು.

ಈ ನಗರದಲ್ಲಿ ಅಕ್ಟೋಬರ್ ತಿಂಗಳ ಕೊನೆಗೆ, ಮರಗಳ ಎಲೆಗಳು ಹಳದಿಗೆ ತಿರುಗಿ ಉದುರುವ ಶರತ್ಕಾಲದಲ್ಲಿ, ಮ್ಯಾರಥಾನ್ ಓಟ ನಡೆಯುತ್ತದೆ. ಎರಡು ಒಲಿಂಪಿಕ್ಸ್‌ಗಳಲ್ಲಿ ಓಡಿದ್ದ ನೋಯೆಲ್ ಕ್ಯಾರಲ್ ಎಂಬವರ ಮುಂದಾಳತ್ವದಲ್ಲಿ 1980ರಲ್ಲಿ ಅದು ಆರಂಭವಾದಾಗ ಓಡಲು ಬಂದವರು ಎರಡು ಸಾವಿರದಷ್ಟು ಜನ. ಇಂದು ಹೆಸರು ನೋಂದಾಯಿಸುವವರ ಸಂಖ್ಯೆ 20,000ವನ್ನು ಮೀರುತ್ತದೆ. ದೂರ ಎಲ್ಲಾ ಮ್ಯಾರಥಾನ್‌ಗಳಂತೆ 42 ಕಿಲೋಮೀಟರ್ 195 ಮೀಟರ್. ಓಟ ಒಂದು ಬೆಳಗಿನದಾದರೂ ಅದರ ಸಿದ್ಧತೆ ಜುಲೈ ತಿಂಗಳಿಂದಲೇ ಆರಂಭವಾಗಿ ಸುಮಾರು 17 ವಾರ ನಡೆಯುತ್ತದೆ. ಆ ವಾರಗಳ ರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ಪ್ರಶ್ನೆಯ ತಿರುಳು ಇರುವುದು ಅಲ್ಲಿ.

ಮಂಗಳವಾರ ಸಂಜೆ ಟ್ರ್ಯಾಕಿನಲ್ಲಿ ವೇಗದ ಅಭ್ಯಾಸ: ಸಾವಿರ ಮೀಟರ್ ಬಿರುಸಾಗಿ ಓಡುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು, ಹೀಗೆ ಐದಾರು ಬಾರಿ. ಗುರುವಾರ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಒಂದೇ ಸಮನಾದ, ಎರಡು ಮೂರು ಪದಗಳಿಗಿಂತ ಹೆಚ್ಚು ಮಾತನಾಡಲಾಗದ ಓಟ. ಭಾನುವಾರ ದೀರ್ಘ ಓಟ. ಜುಲೈಯಲ್ಲಿ 16 ಕಿಲೋಮೀಟರಿನಿಂದ ಆರಂಭವಾಗುವ ಅದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ 32ನ್ನು ಮುಟ್ಟುತ್ತದೆ. ಬುಧವಾರ ಮತ್ತು ಶನಿವಾರ ಎಂಟು ಕಿಲೋಮೀಟರಿನ ಸುಲಭದ ಓಟ. ಸೋಮವಾರ ಮತ್ತು ಶುಕ್ರವಾರ ಓಟವೇ ಇಲ್ಲ. ಪ್ರತಿ ನಾಲ್ಕನೆಯ ವಾರ ದೂರವನ್ನು ಇಳಿಸಬೇಕು. ಕೊನೆಯ ಮೂರು ವಾರಗಳಲ್ಲಂತೂ ದೇಹವು ಇನ್ನಷ್ಟು ಬೇಡುತ್ತಿದ್ದರೂ ಓಟವನ್ನು ಕಡಿತಗೊಳಿಸುತ್ತಾ ಬರಬೇಕು.

ಇವುಗಳಲ್ಲಿ ಅತ್ಯಂತ ಕಠಿಣವಾದುದು ಯಾವುದೆಂದು ಕೇಳಿದರೆ ನೀವು ಮಂಗಳವಾರವನ್ನೋ ಭಾನುವಾರವನ್ನೋ ಹೆಸರಿಸುತ್ತೀರಿ. ನನ್ನ ಅನುಭವದಲ್ಲಿ ಬುಧವಾರ. ಸುಲಭದ ಓಟಕ್ಕೆ ನಮ್ಮ ತರಬೇತುದಾರರು ಇಟ್ಟ ನಿಯಮ ಒಂದೇ: ಪಕ್ಕದಲ್ಲಿ ಓಡುವವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗಬೇಕು. ಅಷ್ಟು ನಿಧಾನವಾಗಿ ಓಡುವಾಗ ಹಿಂದಿನಿಂದ ಬಂದವರೆಲ್ಲ ದಾಟಿ ಹೋಗುತ್ತಾರೆ. ಒಮ್ಮೆ ಮಗುವಿನ ಗಾಡಿಯನ್ನು ತಳ್ಳಿಕೊಂಡು ಓಡುತ್ತಿದ್ದ ತಾಯಿಯೊಬ್ಬರು ನಗುತ್ತಾ ನನ್ನನ್ನು ಹಿಂದಿಕ್ಕಿದರು. ಕೈಗಡಿಯಾರ ಪ್ರತಿ ಕಿಲೋಮೀಟರಿನ ಕೊನೆಗೆ ನನ್ನ ನಿಧಾನಗತಿಯನ್ನು ಅಂಕಿಗಳಲ್ಲಿ ತೋರಿಸುತ್ತದೆ. ಕಾಲಿಗೆ ಸುಲಭವಾದ ಆ ದಿನ ಅಭಿಮಾನಕ್ಕೆ ಬಹಳ ಕಷ್ಟದ್ದು.

ಆದರೆ ಈ ನಿಧಾನಕ್ಕೆ ಬಲವಾದ ಕಾರಣವಿದೆ. ಓಡುವಾಗ ದೇಹ ಬಲಗೊಳ್ಳುವುದಿಲ್ಲ, ದಣಿಯುತ್ತದೆ, ಸವೆಯುತ್ತದೆ. ಸ್ನಾಯುಗಳ ಎಳೆಗಳಲ್ಲಿ ಸೂಕ್ಷ್ಮ ಹಾನಿಯುಂಟಾಗುತ್ತದೆ, ಕೂಡಿಟ್ಟ ಇಂಧನ ಖಾಲಿಯಾಗುತ್ತದೆ. ಅನಂತರದ ನಿದ್ರೆಯಲ್ಲಿ, ವಿರಾಮದಲ್ಲಿ ದೇಹವು ಹಾನಿಯನ್ನು ಸರಿಪಡಿಸಿ, ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅದರಲ್ಲೂ ಎಲ್ಲ ಅಂಗಗಳ ವೇಗ ಒಂದೇ ಅಲ್ಲ. ಹೃದಯ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಪಳಗಿಬಿಡುತ್ತವೆ. ಮೂಳೆಗಳಿಗೆ ತಿಂಗಳುಗಳೇ ಬೇಕು. ಆದ್ದರಿಂದ ಉಸಿರು ಸಾಧ್ಯವೆನ್ನುವುದನ್ನು ಮೂಳೆ ತಾಳಲಾರದ ಕಾಲವೊಂದು ಪ್ರತಿಯೊಬ್ಬ ಹೊಸ ಓಟಗಾರನಿಗೂ ಬರುತ್ತದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಹಲವು ದಶಕಗಳ ಹಿಂದೆ ತರಬೇತುದಾರರಾಗಿದ್ದ ಬಿಲ್ ಬೋವರ್‌ಮನ್ ಅವರು ಕಠಿಣ ದಿನದ ಬೆನ್ನಿಗೆ ಸುಲಭದ ದಿನವೆಂಬ ಪದ್ಧತಿಯನ್ನು ಪ್ರಸಿದ್ಧಗೊಳಿಸಿದರು. ಇಂದು ಸಾಮಾನ್ಯ ಕ್ಲಬ್ಬುಗಳೂ ಅನುಸರಿಸುವುದು ಅದನ್ನೇ.

ಇದನ್ನೆಲ್ಲ 2023ರ ಬೇಸಿಗೆಯಲ್ಲಿ ನನಗೆ ತಿಳಿಸಿ ಹೇಳಿದ್ದರು. ನಾನು ತಲೆದೂಗಿದೆ, ಪಾಲಿಸಲಿಲ್ಲ. ಬುಧವಾರವನ್ನು ಗುರುವಾರದಂತೆ ಓಡಿದೆ. ಶುಕ್ರವಾರದ ವಿಶ್ರಾಂತಿಯ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಕಾಲುವೆಯ ದಂಡೆಯ ಮೇಲೆ ಓಡಿ ಬಂದೆ. ವಾರಕ್ಕೆ 55 ಕಿಲೋಮೀಟರ್ ಎಂದಿದ್ದಲ್ಲಿ 70 ಮಾಡಿದೆ. ಇದನ್ನು ನಾನು ಶ್ರದ್ಧೆಯೆಂದು ಕರೆದುಕೊಂಡೆ. ಉಳಿದವರು ವಿಶ್ರಮಿಸುವಾಗ ನಾನು ದುಡಿಯುತ್ತಿದ್ದೇನೆಂಬ ಗುಪ್ತ ಸಂತೋಷ ನನಗಿತ್ತು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಮೊಣಕಾಲ ಕೆಳಗಿನ ಮೂಳೆಯ ಒಂದು ಜಾಗವನ್ನು ಬೆರಳಿನಿಂದ ಒತ್ತಿದರೆ ನೋವಾಗುತ್ತಿತ್ತು. ಮೊದಲು ಓಟದ ಆರಂಭದಲ್ಲಿ ಮಾತ್ರವಿದ್ದ ನೋವು ಆಮೇಲೆ ಓಟದುದ್ದಕ್ಕೂ ಬಂತು, ಕೊನೆಗೆ ಮೆಟ್ಟಿಲಿಳಿಯುವಾಗಲೂ ಬಂತು. ನಾನು ಯಾರಿಗೂ ಹೇಳಲಿಲ್ಲ. ಮೂರನೆಯ ವಾರದ ದೀರ್ಘ ಓಟದಲ್ಲಿ 24ನೆಯ ಕಿಲೋಮೀಟರಿನ ನಂತರ ಎಡಗಾಲನ್ನು ನೆಲಕ್ಕೆ ಊರಲಾಗಲಿಲ್ಲ. ತಪಾಸಣೆಯಲ್ಲಿ ಮೂಳೆ ಬಿರುಕುಬಿಟ್ಟಿರುವುದು ಗೊತ್ತಾಯಿತು. ಒಂದೇ ಪೆಟ್ಟಿಗೆ ಆದ ಮುರಿತವಲ್ಲ ಅದು. ಸುಧಾರಿಸಿಕೊಳ್ಳಲು ಬಿಡುವೇ ಸಿಗದ ಮೂಳೆ ದಿನದಿನಕ್ಕೂ ಸವೆದು ಸೀಳಿದ್ದು. ಆರು ವಾರ ಕಾಲಿಗೆ ಗಟ್ಟಿ ಬೂಟು ಕಟ್ಟಿಕೊಂಡು ನಡೆಯಬೇಕಾಯಿತು. ಮ್ಯಾರಥಾನ್ ನನ್ನ ಪಾಲಿಗೆ ಮುಗಿದಿತ್ತು.

ಇಲ್ಲಿಗೇ ನಿಂತಿದ್ದರೆ ಇದು ನನ್ನೊಬ್ಬನ ಮೂರ್ಖತನದ ಕಥೆಯಾಗುತ್ತಿತ್ತು. ಆದರೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ದೇಹ ನಮ್ಮ ಮನೆಯಲ್ಲಿತ್ತು.

ನನ್ನ ಪತ್ನಿಗೆ ಆಗ ಶನಿವಾರ ರಾತ್ರಿ ಪಾಳಿ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಆಕೆ ಮನೆ ಸೇರಿದ ಮೇಲೆಯೇ ನಾನು ಓಟಕ್ಕೆ ಹೊರಡುತ್ತಿದ್ದೆ. ಇಬ್ಬರು ಚಿಕ್ಕ ಮಕ್ಕಳಿಗೆ ತಿಂಡಿ ಕೊಟ್ಟು, ಅವರನ್ನು ನೋಡಿಕೊಳ್ಳುತ್ತಾ, ನಾನು ಹಿಂದಿರುಗುವ ತನಕ ಆಕೆ ಎಚ್ಚರವಾಗಿರಬೇಕಿತ್ತು. ಹನ್ನೊಂದೂವರೆಗೆ ಬರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ನಮ್ಮ ದೀರ್ಘ ಓಟಗಳು ಫೀನಿಕ್ಸ್ ಪಾರ್ಕಿನಲ್ಲಿ. ಅದು 700 ಹೆಕ್ಟೇರಿಗೂ ಮಿಗಿಲಾದ, ಜಿಂಕೆಗಳು ಅಡ್ಡಾಡುವ ವಿಶಾಲ ಉದ್ಯಾನ. 1979ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಹತ್ತು ಲಕ್ಷಕ್ಕೂ ಹೆಚ್ಚು ಜನರೊಡನೆ ಬಲಿಪೂಜೆ ಅರ್ಪಿಸಿದ ಸ್ಥಳವೂ ಅದೇ. ಅಂದು ನಿಲ್ಲಿಸಿದ ಎತ್ತರದ ಬಿಳಿಯ ಶಿಲುಬೆ ಓಡುವವರಿಗೆ ದೂರದಿಂದಲೇ ಕಾಣುತ್ತದೆ. ಅಲ್ಲಿ ಉಳಿದವರು ಮುಗಿಸಿದ ಮೇಲೂ ನಾನು ಇನ್ನೊಂದು ಸುತ್ತು ಎಂದು ಹೊರಡುತ್ತಿದ್ದೆ. ಆ ಒಂದು ಸುತ್ತು ಆಕೆಯ ಒಂದು ಗಂಟೆಯ ನಿದ್ರೆ. ಸಂಜೆಯ ಬಲಿಪೂಜೆಯಲ್ಲಿ ಆಕೆ ತೂಕಡಿಸುತ್ತಾ ಕುಳಿತಿರುತ್ತಿದ್ದಳು. ರಾತ್ರಿ ಪಾಳಿಯ ಆಯಾಸವೆಂದು ನಾನು ಕನಿಕರಪಡುತ್ತಿದ್ದೆ!

ಕಾಲಿಗೆ ಬೂಟು ಬಿದ್ದ ಮೇಲೆ ಮಕ್ಕಳನ್ನು ಶಾಲೆಗೆ ಬಿಡುವುದು, ಅಂಗಡಿಯ ಚೀಲಗಳನ್ನು ಹೊರುವುದು, ಎಲ್ಲವೂ ಆಕೆಯ ಪಾಲಿಗೆ ಬಂತು. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ, ಕೋಪವಿಲ್ಲದೆ, ಆಕೆ ಅಂದಳು: “ರೀ, ಓಡಿದ್ದು ನೀವು, ಸುಸ್ತಾಗಿದ್ದು ನಾನು.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಶಿಸ್ತು ನನ್ನ ಸ್ವಂತ ಸಂಪಾದನೆಯೆಂದು ನಾನು ನಂಬಿದ್ದೆ. ಅದರ ವೆಚ್ಚವನ್ನು ಬೇರೊಬ್ಬರು ಭರಿಸುತ್ತಿದ್ದರು.

ಹಾಗಾದರೆ ಶ್ರಮಿಸುವುದೇ ತಪ್ಪೇ? ಇಲ್ಲಿ ನೀವು ನ್ಯಾಯವಾಗಿಯೇ ಆಕ್ಷೇಪಿಸಬಹುದು. ವಿಶ್ರಾಂತಿಯ ಮಹಿಮೆಯನ್ನು ಸೋಮಾರಿಯೂ ಹಾಡುತ್ತಾನೆ. ಮಿತಿಯ ಹೆಸರಿನಲ್ಲಿ ಕೈಬಿಟ್ಟ ಕೆಲಸಗಳಿಗೆ ಲೆಕ್ಕವಿಲ್ಲ. ಸಂಯಮದಿಂದ ನಿಂತವನಾರು, ಆಲಸ್ಯದಿಂದ ನಿಂತವನಾರು ಎಂದು ತಿಳಿಯುವುದು ಹೇಗೆ? ಮಂಗಳವಾರ ಬೆಳಿಗ್ಗೆ ಮಳೆ ಸುರಿಯುವಾಗ ಇಂದು ಬೇಡವೆನ್ನುವವನನ್ನೂ ಶುಕ್ರವಾರ ಕದ್ದು ಓಡುವವನನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೇಲುನೋಟಕ್ಕೆ ಒಬ್ಬ ಸೋಮಾರಿ, ಇನ್ನೊಬ್ಬ ಶ್ರದ್ಧಾವಂತ. ಆದರೆ ಶಾಂತಚಿತ್ತರಾಗಿದ್ದಾಗ, ತಿಳಿದವರ ಸಲಹೆ ಪಡೆದು, ಮನೆಯವರೊಡನೆ ಮಾತನಾಡಿ ಮಾಡಿಕೊಂಡ ನಿರ್ಧಾರವನ್ನು ಇಬ್ಬರೂ ಆ ಕ್ಷಣದ ಇಚ್ಛೆಗಾಗಿ ಮುರಿದಿದ್ದಾರೆ. ಒಬ್ಬನ ಇಚ್ಛೆ ಹಾಸಿಗೆಯ ಕಡೆಗೆ ವಾಲಿತು, ಇನ್ನೊಬ್ಬನದು ಬೀದಿಯ ಕಡೆಗೆ. ಮೊದಲನೆಯವನನ್ನು ಎಚ್ಚರಿಸಲು ಊರೆಲ್ಲ ಇದೆ. ಎರಡನೆಯವನನ್ನು ಊರು ಹೊಗಳುತ್ತದೆ. ಅವನ ಅಪಾಯ ಹೆಚ್ಚಿನದಾಗಿರುವುದು ಈ ಕಾರಣದಿಂದ.

ಓಟವೆಂದೊಡನೆ ನಮಗೆ ಸಂತ ಪೌಲರು ನೆನಪಾಗುವುದು ಸಹಜ. ಇಸ್ತ್‌ಮಿಯದ ಕ್ರೀಡೆಗಳು ನಡೆಯುತ್ತಿದ್ದ ಸ್ಥಳದ ಸಮೀಪವೇ ಇದ್ದ ಕೊರಿಂಥ ಪಟ್ಟಣದವರಿಗೆ ಅವರು ಓಟದ ಉಪಮೆಯನ್ನು ಕೊಟ್ಟು ಪತ್ರ ಬರೆದರು. ಸ್ಪರ್ಧಾಳುವಿನ ಸಿದ್ಧತೆಯ ಬಗ್ಗೆ ಹೇಳುವಾಗ ಅವರು ಒತ್ತಿ ಹೇಳಿದ್ದು ಎಲ್ಲ ವಿಷಯಗಳಲ್ಲಿಯೂ ಸಂಯಮವನ್ನು. ಎಲ್ಲ ವಿಷಯಗಳೆಂದರೆ ಊಟ, ನಿದ್ರೆ, ಭೋಗಗಳು ಮಾತ್ರವೆಂದು ನಾನು ತಿಳಿದಿದ್ದೆ. ಶ್ರಮವೂ ಆ ಪಟ್ಟಿಯಲ್ಲಿದೆಯೆಂದು ಹೊಳೆದಿರಲಿಲ್ಲ.

ಇನ್ನೊಂದು ಮಾತು. ವಿಶ್ರಾಂತಿಯನ್ನು ಉಪದೇಶಿಸುವುದು ಸುಲಭ, ಆದರೆ ಅದು ಎಲ್ಲರ ಕೈಯಲ್ಲಿಲ್ಲ. ರಾತ್ರಿ ಪಾಳಿಯ ದಾದಿಗೆ, ದಿನಗೂಲಿಯ ಕಾರ್ಮಿಕನಿಗೆ, ಹಾಸಿಗೆ ಹಿಡಿದ ಹಿರಿಯರನ್ನು ಉಪಚರಿಸುವ ಸೊಸೆಗೆ ‘ನೀವು ವಿಶ್ರಾಂತಿ ತೆಗೆದುಕೊಳ್ಳಿ’ ಎಂದಷ್ಟೇ ಹೇಳಿ ಹೋಗುವುದು ಬರಿಯ ಬಾಯುಪಚಾರ. ಅವರ ವಿಶ್ರಾಂತಿ ಒದಗಬೇಕಾದರೆ ಬೇರೆ ಯಾರೋ ತಮ್ಮ ಒಂದು ಸುತ್ತನ್ನು ಬಿಟ್ಟುಕೊಡಬೇಕು. ಸಬ್ಬತ್ ದಿನದ ಆಜ್ಞೆಯನ್ನು ಆ ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಿ. ಅದು ಮನೆಯ ಯಜಮಾನನೊಬ್ಬನಿಗೆ ಕೊಟ್ಟ ಬಿಡುವಲ್ಲ. ಮಗ, ಮಗಳು, ಸೇವಕರು, ಪರದೇಶದವನು, ಕಡೆಗೆ ದನಕರುಗಳನ್ನೂ ಅದು ಎಣಿಸಿ ಹೇಳುತ್ತದೆ. ಯಜಮಾನ ನಿಲ್ಲದಿದ್ದರೆ ಇವರಾರೂ ನಿಲ್ಲಲಾರರೆಂಬ ಅರಿವು ಆ ಆಜ್ಞೆಯಲ್ಲಿದೆ.

ಆ ವರ್ಷ ಅಕ್ಟೋಬರ್ 29ರಂದು, ಮೂವತ್ತೈದನೆಯ ಕಿಲೋಮೀಟರಿನ ಸಮೀಪ ರೋಬಕ್ ರಸ್ತೆಯ ಏರಿನಲ್ಲಿ, ಊರುಗೋಲು ಹಿಡಿದು ನಿಂತು ನಮ್ಮ ಕ್ಲಬ್ಬಿನವರಿಗೆ ಕಿತ್ತಳೆಯ ಹೋಳುಗಳನ್ನು ಕೊಟ್ಟೆ. ಬುಧವಾರಗಳಲ್ಲಿ ನಾನು ಹಿಂದಿಕ್ಕಿದ್ದವರೆಲ್ಲ ಒಬ್ಬೊಬ್ಬರಾಗಿ, ನಿಧಾನವಾಗಿ, ಆ ಏರನ್ನು ಹತ್ತಿ ಹೋದರು.

2024ರ ಬೇಸಿಗೆಯಲ್ಲಿ ಮತ್ತೆ ಸಿದ್ಧತೆ ಆರಂಭಿಸುವ ಮುನ್ನ ನಾವಿಬ್ಬರೂ ಆಕೆಯ ಪಾಳಿಯ ಪಟ್ಟಿಯನ್ನೂ ನನ್ನ ಓಟದ ಪಟ್ಟಿಯನ್ನೂ ಅಡುಗೆಮನೆಯ ಮೇಜಿನ ಮೇಲೆ ಜೊತೆಗಿಟ್ಟು ಕುಳಿತೆವು. ಓಟದ ದಿನಗಳು ಐದರಿಂದ ನಾಲ್ಕಕ್ಕೆ ಇಳಿದವು. ಆಕೆಗೆ ರಾತ್ರಿ ಪಾಳಿಯಿದ್ದ ವಾರಗಳಲ್ಲಿ ದೀರ್ಘ ಓಟ ಬೇರೆ ದಿನಕ್ಕೆ ಹೋಯಿತು, ಕೆಲವೊಮ್ಮೆ ಮೊಟಕಾಯಿತು, ಎರಡು ಬಾರಿ ಬಿಟ್ಟೇ ಹೋಯಿತು. ಬುಧವಾರ ನಾನು ನಿಧಾನವಾಗಿಯೇ ಓಡಿದೆ. ಅದು ನನಗೆ ಅಭ್ಯಾಸವಾಯಿತೆಂದು ಹೇಳಿದರೆ ಸುಳ್ಳಾದೀತು. ಪ್ರತಿ ವಾರವೂ ಹೊಸದಾಗಿಯೇ ಕಷ್ಟವಾಗುತ್ತಿತ್ತು.

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಈ ದೇಶದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2024ರ ಓಟವೂ ಆ ದಿನವೇ ಬಂದಿತ್ತು. ಆಕೆ ಆ ರಾತ್ರಿ ರಜೆ ಪಡೆದಿದ್ದಳು. ಹೆಚ್ಚಿಗೆ ದೊರೆತ ಆ ಒಂದು ಗಂಟೆಯನ್ನು ಇಬ್ಬರೂ ನಿದ್ರಿಸಿದೆವು. ನಾನು ಓಟವನ್ನು 4 ಗಂಟೆ 20 ನಿಮಿಷಗಳಲ್ಲಿ ಮುಗಿಸಿದೆ. ಹಿಂದಿನ ವರ್ಷ ನಾನು ಆಸೆಪಟ್ಟಿದ್ದಕ್ಕಿಂತ ಅದು 20 ನಿಮಿಷ ಹೆಚ್ಚು. ಆ ಇಪ್ಪತ್ತು ನಿಮಿಷಗಳು ಎಲ್ಲಿ ಹೋದವೆಂದು ನನಗೆ ಗೊತ್ತು. ಅವು ಹಲವು ಭಾನುವಾರಗಳಲ್ಲಿ, ಪರದೆ ಎಳೆದ ಕೋಣೆಯಲ್ಲಿ, ಒಬ್ಬಳ ನಿದ್ರೆಯಾಗಿ ಸಂದಿವೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಹೆಚ್ಚಿನವರು ಮ್ಯಾರಥಾನ್ ಓಡಲಾರಿರಿ. ಆದರೆ ಮಕ್ಕಳ ಪರೀಕ್ಷೆಯ ತಯಾರಿ, ಹೊಸ ಮನೆಯ ಸಾಲ, ಅಂಗಡಿಯ ವ್ಯಾಪಾರ, ಸಂಘ ಸಂಸ್ಥೆಗಳ ಸೇವೆ, ಹೀಗೆ ಪ್ರತಿಯೊಂದು ಮನೆಯಲ್ಲಿಯೂ ದೀರ್ಘ ಓಟವೊಂದು ನಡೆದೇ ಇರುತ್ತದೆ. ಅದನ್ನು ಓಡುವವರನ್ನು ನಾವು ಹೊಗಳೋಣ, ಅದು ನ್ಯಾಯ. ಆದರೆ ಇಂದು ರಾತ್ರಿ ಊಟಕ್ಕೆ ಎಲ್ಲರೂ ಜೊತೆಯಾಗಿ ಕುಳಿತಾಗ ಒಮ್ಮೆ ಸುತ್ತ ನೋಡಿ. ನಿಮ್ಮ ಓಟಕ್ಕೆ ಸುಸ್ತಾಗಿರುವವರು ಯಾರು?